ಮುದಿ ನಾಯಿಯ ವಾಂತಿ: ನೀರಿನ ಬಟ್ಟಲನ್ನೂ ನೋಡಿ

ನಮ್ಮ ಮನೆಯಲ್ಲಿ ಕಳೆದ ನಲವತ್ತು ವರ್ಷಗಳಲ್ಲಿ ನಾಯಿ ಇಲ್ಲದ ದಿನಗಳು ಬಹಳ ಕಡಿಮೆ. ಆ ಅನುಭವದಿಂದ ಹೇಳುವುದಾದರೆ, ಎಳೆಯ ನಾಯಿ ವಾಂತಿ ಮಾಡಿದಾಗ ಅದು ಏನನ್ನು ತಿಂದಿತೆಂದು ಹುಡುಕುವುದು ಸರಿಯಾದ ಕ್ರಮವೇ, ಆದರೆ ಎಂಟು ಹತ್ತು ವರ್ಷ ದಾಟಿದ ನಾಯಿಯ ವಿಷಯದಲ್ಲಿ ಅಷ್ಟಕ್ಕೇ ನಿಂತರೆ ಮೋಸಹೋಗುತ್ತೇವೆ. ಹೊಟ್ಟೆಯಿಂದ ಹೊರಬಂದದ್ದಕ್ಕೆ ಕಾರಣ ಹೊಟ್ಟೆಯಲ್ಲೇ ಇರಬೇಕೆಂದಿಲ್ಲ. ಮೂತ್ರಪಿಂಡ, ಯಕೃತ್ತು, ಗರ್ಭಕೋಶ, ಸಕ್ಕರೆ ಕಾಯಿಲೆ, ಕೊನೆಗೆ ಕಿವಿಯೊಳಗಿನ ಸಮತೋಲನದ ಅಂಗ ಕೆಟ್ಟರೂ ವಯಸ್ಸಾದ ನಾಯಿ ವಾಂತಿ ಮಾಡುತ್ತದೆ. ಕಿವಿಯ ತೊಂದರೆಯಾದರೆ ಅದರ ತಲೆ ಒಂದು ಕಡೆಗೆ ವಾಲಿರುತ್ತದೆ, ಕಣ್ಣುಗುಡ್ಡೆಗಳು ಅತ್ತಿತ್ತ ಓಡುತ್ತಿರುತ್ತವೆ. ನೋಡಿದವರು ಪಾರ್ಶ್ವವಾಯುವೆಂದು ಹೆದರುವುದೇ ಹೆಚ್ಚು, ಆದರೆ ಎಷ್ಟೋ ನಾಯಿಗಳು ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ.

ಮೊದಲು ಅದು ನಿಜವಾಗಿಯೂ ವಾಂತಿಯೇ ಎಂದು ನೋಡಬೇಕು. ವಾಂತಿಯಾಗುವ ಮೊದಲು ನಾಯಿ ಜೊಲ್ಲು ಸುರಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಓಕರಿಸುತ್ತದೆ. ಇವು ಯಾವುವೂ ಇಲ್ಲದೆ, ತಲೆ ತಗ್ಗಿಸಿದೊಡನೆ ತಿಂದ ಅನ್ನ ತಿಂದಂತೆಯೇ ಜಾರಿ ಬಿದ್ದರೆ ತೊಂದರೆಯಿರುವುದು ಅನ್ನನಾಳದಲ್ಲಿ, ಜಠರದಲ್ಲಲ್ಲ. ಹೀಗೆ ಕಕ್ಕುವ ನಾಯಿಗೆ ಆಹಾರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯವಿದೆ. ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಇದಾಗಿರುವುದರಿಂದ, ನಾಯಿ ಕಕ್ಕುವುದನ್ನು ಒಮ್ಮೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ನಮ್ಮ ವಿವರಣೆಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೆಳಗಿನ ಜಾವ ಹಳದಿ ನೊರೆಯನ್ನು ಮಾತ್ರ ಕಕ್ಕಿ, ಆಮೇಲೆ ಎಂದಿನಂತೆ ಬಾಲ ಅಲ್ಲಾಡಿಸುತ್ತಾ ತಿಂಡಿಗೆ ಬರುವ ನಾಯಿಯ ಬಗ್ಗೆ ಅಷ್ಟು ಗಾಬರಿ ಬೇಡ. ರಾತ್ರಿಯಿಡೀ ಖಾಲಿಯಾದ ಜಠರಕ್ಕೆ ಪಿತ್ತ ಹಿಮ್ಮುಖವಾಗಿ ಹರಿದಾಗ ಹೀಗಾಗುತ್ತದೆ. ಸಂಜೆ ಆರಕ್ಕೇ ಊಟ ಹಾಕುವ ಮನೆಗಳಲ್ಲಿ, ಮಲಗುವ ಮುನ್ನ ಒಂದು ಹಿಡಿ ಆಹಾರ ಕೊಟ್ಟರೆ ಇದು ತಾನಾಗಿ ನಿಲ್ಲುವುದುಂಟು. ನಾಲ್ಕಾರು ದಿನ ಹಾಗೆ ಕೊಟ್ಟರೂ ನಿಲ್ಲದಿದ್ದರೆ ಮಾತ್ರ ಬೇರೆ ಕಾರಣವನ್ನು ಹುಡುಕಬೇಕು.

ಮೂತ್ರಪಿಂಡದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಾನೇ ಅದರಲ್ಲಿ ತಪ್ಪಿದ್ದೇನೆ. ನಮ್ಮಲ್ಲಿದ್ದ ಹನ್ನೊಂದು ವರ್ಷದ ನಾಯಿಯೊಂದು ಒಂದು ಬೇಸಿಗೆಯಲ್ಲಿ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು, ಸೆಕೆಗೆ ಎಂದುಕೊಂಡೆವು. ರಾತ್ರಿ ಎದ್ದು ಮೂತ್ರಕ್ಕೆಂದು ಬಾಗಿಲು ಕೆರೆಯತೊಡಗಿತು, ವಯಸ್ಸಾಯಿತು ಎಂದುಕೊಂಡೆವು. ವಾರಕ್ಕೊಮ್ಮೆ ವಾಂತಿ ಮಾಡುತ್ತಿದ್ದಾಗಲೂ ಹಿತ್ತಲಿನ ಹುಲ್ಲು ತಿಂದು ತಾನೇ ಹೊಟ್ಟೆ ಸರಿಮಾಡಿಕೊಳ್ಳುತ್ತಿದೆ ಎಂದೇ ಭಾವಿಸಿದ್ದೆವು. ಬಾಯಿಯಿಂದ ಮೂತ್ರದಂಥ ವಾಸನೆ ಬಂದು, ಒಸಡಿನಲ್ಲಿ ಹುಣ್ಣು ಕಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲಗಳಾದ ಯೂರಿಯಾ ಮತ್ತು ಕ್ರಿಯಾಟಿನಿನ್ ಎರಡೂ ಬಹಳ ಮೇಲಿದ್ದವು. ಮೂತ್ರಪಿಂಡಗಳ ಸುಮಾರು ಮುಕ್ಕಾಲು ಪಾಲು ಶಕ್ತಿ ಕುಂದುವವರೆಗೂ ಕ್ರಿಯಾಟಿನಿನ್ ಅಷ್ಟಾಗಿ ಏರುವುದಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಆದುದರಿಂದ ಮುದಿ ನಾಯಿಯ ನೀರನ್ನು ಅಳೆದು ಇಡುವುದನ್ನು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ. ದಿನವೊಂದಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರಿಗಿಂತ ಹೆಚ್ಚು ಕುಡಿಯುವುದು, ಅಂದರೆ 10 ಕಿಲೋ ತೂಗುವ ನಾಯಿ ಒಂದು ಲೀಟರ್ ಮೀರುವುದು, ಸಹಜವಲ್ಲ. ಹಾಗೆಂದು ನೀರನ್ನು ಕಡಿಮೆ ಮಾಡಬಾರದು. ಅದು ರೋಗವನ್ನು ಇನ್ನಷ್ಟು ಕೆಡಿಸುತ್ತದೆ.

ಸಂತಾನಹರಣ ಮಾಡಿಸದ ಹೆಣ್ಣು ನಾಯಿಯಾದರೆ ಇದೇ ನೀರಡಿಕೆ ಮತ್ತು ವಾಂತಿಗೆ ಇನ್ನೊಂದು ಅರ್ಥವಿದೆ. ಬೆದೆ ಮುಗಿದು ಒಂದೆರಡು ತಿಂಗಳೊಳಗೆ ಅದು ಮಂಕಾಗಿ, ಊಟ ಬಿಟ್ಟು, ನೀರು ಮಾತ್ರ ಕುಡಿಯುತ್ತಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರಿದರೆ ನಮಗೆ ತಿಳಿಯುತ್ತದೆ. ಸೋರದೆ ಒಳಗೇ ಉಳಿದರೆ ಅದು ಹೆಚ್ಚು ಅಪಾಯಕರ. ಇದಕ್ಕೆ ಬಹುತೇಕ ಶಸ್ತ್ರಚಿಕಿತ್ಸೆಯೇ ದಾರಿ, ನಾಳೆಗೆ ಮುಂದೂಡುವ ವಿಷಯವಲ್ಲ.

ಇನ್ನು ನಮ್ಮ ಕೈಯಿಂದಲೇ ಆಗುವ ಅನಾಹುತಗಳು. ಮುದಿ ನಾಯಿ ಕುಂಟುವುದನ್ನು ನೋಡಲಾರದೆ ಮನೆಯವರು ತಮ್ಮ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮುರಿದು ಕೊಡುವುದನ್ನು ಕಂಡಿದ್ದೇನೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಕೇಡು. ವಾಂತಿ ಕಾಫಿಪುಡಿಯ ಗಸಿಯಂತೆ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದೇ ತಿಳಿಯಿರಿ. ಹಬ್ಬದ ಮರುದಿನದ ವಾಂತಿಯೂ ಇಂಥದೇ ಪ್ರೀತಿಯ ಫಲ. ಕರಿದ ತಿಂಡಿ, ಮಟನ್ನಿನ ಕೊಬ್ಬು, ತುಪ್ಪದ ಹೋಳಿಗೆಗಳಿಂದ ಮೇದೋಜೀರಕ ಗ್ರಂಥಿ ಊದಿಕೊಂಡಾಗ ನಾಯಿ ಮುಂಗಾಲುಗಳನ್ನು ನೆಲಕ್ಕೂರಿ, ಹಿಂಭಾಗವನ್ನು ಎತ್ತಿ, ದೀರ್ಘದಂಡ ನಮಸ್ಕಾರಕ್ಕೆ ಹೊರಟಂತೆ ನಿಲ್ಲುತ್ತದೆ. ಅದು ಹೊಟ್ಟೆನೋವಿನ ಭಂಗಿ. ಪಾಯಸದ ದ್ರಾಕ್ಷಿಯೂ ನಾಯಿಗೆ ವಿಷವೇ.

ಒಂದು ಲಕ್ಷಣಕ್ಕಂತೂ ಗಡಿಯಾರ ನೋಡುತ್ತಾ ಕೂರಬಾರದು. ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ಏನೂ ಹೊರಬರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿದಿದೆ ಎಂದರೆ ಜಠರ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಎದೆಗೂಡು ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಹೆಚ್ಚು, ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯುತ್ತದೆ. ಇಲಿ ಪಾಷಾಣ ತಿಂದಿರುವ ಅನುಮಾನವಿದ್ದರೂ ಅಷ್ಟೇ ಅವಸರ ಬೇಕು. ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಆ ಉಪ್ಪೇ ನಾಯಿಯನ್ನು ಕೊಲ್ಲಬಲ್ಲದು.

ಒಂದೇ ಸಲ ವಾಂತಿಯಾಗಿ, ನಾಯಿ ಲವಲವಿಕೆಯಿಂದಿದ್ದರೆ ಕೆಲವು ಗಂಟೆ ಊಟ ಕೊಡದೆ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಇಟ್ಟು, ಬಳಿಕ ಮೆತ್ತಗೆ ಬೇಯಿಸಿದ ಅನ್ನಕ್ಕೆ ಚರ್ಮ ತೆಗೆದು ಬೇಯಿಸಿದ ಕೋಳಿಮಾಂಸವನ್ನು ಕಲಸಿ ನಾಲ್ಕೈದು ಬಾರಿ ಹಂಚಿ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಇನ್ಸುಲಿನ್ ಪಡೆಯುವ ನಾಯಿಯನ್ನು ಮಾತ್ರ ವೈದ್ಯರನ್ನು ಕೇಳದೆ ಉಪವಾಸ ಕೆಡವಬಾರದು. ಒಂದು ದಿನದಲ್ಲಿ ಎರಡು ಮೂರು ಸಲ ವಾಂತಿಯಾದರೆ, ಕುಡಿದ ನೀರೂ ನಿಲ್ಲದಿದ್ದರೆ, ಒಸಡು ಬಿಳಿಚಿದ್ದರೆ ಅಥವಾ ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಕ್ಷಣ ಕೂರದಿದ್ದರೆ ಮನೆಮದ್ದು ಅಲ್ಲಿಗೆ ಮುಗಿಯಿತು. ಆಸ್ಪತ್ರೆಗೆ ಹೊರಡುವಾಗ ವಾಂತಿಯ ಫೋಟೋ, ನಾಯಿಗೆ ಕೊಡುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮತ್ತು ಕಳೆದ ಎರಡು ಮೂರು ದಿನ ಅದು ಕುಡಿದ ನೀರಿನ ಲೆಕ್ಕವನ್ನು ಜೊತೆಯಲ್ಲಿ ಒಯ್ಯಿರಿ.