ಕತ್ತಿಯ ಗ್ರೂವ್ ಉಜ್ಜಲು ಮರದ ಕಡ್ಡಿ ಸಾಕು

ಚಾಕು, ಕತ್ತಿ ಮಾಡುವವರಿಗೆ ಒಂದು ಸಲಹೆ. ಅಲಗಿನ ಉದ್ದಕ್ಕೂ ತೆಗೆದ ಗ್ರೂವ್ (ತೋಡು) ಒಳಗೆ ಬೆರಳಿನಿಂದ ಎಮರಿ ಪೇಪರ್ ಉಜ್ಜಬೇಡಿ. ಬೆರಳು ಮೆತ್ತಗಿರುತ್ತೆ, ಹಾಗಾಗಿ ಗ್ರೂವ್‌ನ ಚೂಪಾದ ಅಂಚುಗಳು ಸವೆದು ದುಂಡಗಾಗುತ್ತವೆ. ಅಂದವೆಲ್ಲ ಆ ಅಂಚಲ್ಲೇ ಇರೋದು ಅಲ್ವಾ?

ತೇಗದಂಥ ಗಟ್ಟಿ ಮರದ ಗೇಣುದ್ದ ಕಡ್ಡಿ ತಗೊಳ್ಳಿ. 80 ನಂಬರಿನ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಎಮರಿ ಪೇಪರನ್ನು ಒರಟು ಮುಖ ಮೇಲಾಗಿ ಗ್ರೂವ್‌ಗೆ ಒತ್ತಿ ಹಿಡಿದು, ಅದರ ಮೇಲೆ ಕಡ್ಡಿ ಉಜ್ಜಿ. ಕಡ್ಡಿಗೆ ಗ್ರೂವ್‌ನದೇ ಆಕಾರ ಬರುತ್ತೆ. ಪೇಪರಿನ ದಪ್ಪದಷ್ಟು ಜಾಗವೂ ತಾನಾಗೇ ಬಿಟ್ಟಿರುತ್ತೆ. ಅಳತೆಯ ತಲೆನೋವೇ ಇಲ್ಲ.

ಈಗ ಕಡ್ಡಿಗೆ ಪೇಪರ್ ಸುತ್ತಿ, ಎರಡು ಹನಿ ಎಣ್ಣೆ ಬಿಟ್ಟು ಉದ್ದಕ್ಕೆ ಉಜ್ಜಿ. ಪೇಪರ್ ನಂಬರ್ ಮೊದಲು 120, ಆಮೇಲೆ 220, 400, 600. ಹಿಂದಿನ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬೇಡಿ. ನಂಬರ್ ಬದಲಿಸುವಾಗ ಹಳೆ ಪುಡಿಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಒಂದು ಕಾಳು ಉಳಿದರೂ ಆಳವಾದ ಗೀರು ಬೀಳುತ್ತೆ. ಕೊನೆಯ ಸುತ್ತಿನಲ್ಲಿ ಹಿಂದೆ ಮುಂದೆ ಉಜ್ಜದೆ ಒಂದೇ ದಿಕ್ಕಿಗೆ ಎಳೆಯಿರಿ. ಕೈ ತಿರುಗಿಸಿದ ಕಡೆಯೇ ಕೊಕ್ಕೆಯಂಥ ಗೀರು ಕಾಣೋದು.

ಒರಟು ಕೆಲಸವನ್ನೆಲ್ಲ ಹದ ಹಾಕುವ (ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ) ಮೊದಲೇ ಮುಗಿಸಿ, ಆಮೇಲೆ ಉಕ್ಕು ಸುಮ್ನೆ ಸವೆಯಲ್ಲ. ಉಜ್ಜುವಾಗ ಅಲಗನ್ನು ಹಲಗೆಗೆ ಕ್ಲ್ಯಾಂಪ್ ಮಾಡಿ. ಸಾಣೆ ಹಿಡಿಯೋದು ಎಲ್ಲಕ್ಕಿಂತ ಕೊನೆಗೆ.