ಬ್ಯಾಟರಿಗೊಂದು ಹುಂಡಿ: ಐದು ಎಲೆಕ್ಟ್ರಿಕ್ ಆಟೊ ಓಡಿಸಿ ಕಲಿತದ್ದು

ಗಾಡಿ ತಂದ ಮೊದಲ ತಿಂಗಳು ಕರೆಂಟ್ ಬಿಲ್ ನೋಡಿ ನನಗೆ ನಂಬಿಕೆಯೇ ಬರಲಿಲ್ಲ. ಡೀಸೆಲ್ ಗಾಡಿ ಇದ್ದಾಗ ಒಂದು ವಾರಕ್ಕೆ ಆಗುತ್ತಿದ್ದ ಖರ್ಚಿಗಿಂತ ಇಡೀ ತಿಂಗಳ ಬಿಲ್ ಕಡಿಮೆ. ಸೀಟಿನ ದರ ಇಳಿಸಿದೆ. ದುಡಿಯುವ ಹೆಂಗಸರು, ಶಾಲೆ ಮಕ್ಕಳು, ನಡೆದೇ ಹೋಗುತ್ತಿದ್ದ ಮುದುಕರು ಎಲ್ಲರೂ ಹತ್ತತೊಡಗಿದರು. ಮೂರೇ ತಿಂಗಳಲ್ಲಿ ಇನ್ನೆರಡು ಶೇರ್ ಆಟೊ ಸೇರಿಸಿದೆ. ಒಂಬತ್ತನೇ ತಿಂಗಳಿಗೆ ಮೊದಲ ಗಾಡಿಯ ಬ್ಯಾಟರಿ ಸತ್ತಿತು. ಹೊಸ ಸೆಟ್ಟಿನ ಬೆಲೆ ಕೇಳಿ ಅಂಗಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅಷ್ಟು ದಿನ ಲಾಭ ಅಂದುಕೊಂಡು ಮನೆಗೆ ಒಯ್ದಿದ್ದು ಲಾಭವೇ ಆಗಿರಲಿಲ್ಲ.

ಕರೆಂಟಿನ ಬಿಲ್ ತಿಂಗಳು ತಿಂಗಳು ಬರುತ್ತದೆ, ಬ್ಯಾಟರಿಯ ಬಿಲ್ ಒಂದೇ ಸಲ ಬರುತ್ತದೆ. ಈ ಕಸುಬಿಗೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ನನ್ನ ಮೊದಲ ಗಾಡಿಯಲ್ಲಿ ಇದ್ದದ್ದು 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿಗಳು. ಒಂದರ ಹಿಂದೆ ಒಂದು ಜೋಡಿಸಿದರೆ 48 ವೋಲ್ಟ್. ಒಂದೊಂದೂ ಸುಮಾರು 30 ಕೆ.ಜಿ. ಮೇಲೆ 100 ಆಂಪಿಯರ್ ಅವರ್ ಎಂದು ಬರೆದಿತ್ತು, ಅಂದರೆ ಅದು ಎಷ್ಟು ಕರೆಂಟು ಹಿಡಿಯುತ್ತದೆ ಎಂಬ ಲೆಕ್ಕ. ಮಾರಿದವರು ಒಂದು ಚಾರ್ಜಿಗೆ 90 ಕಿ.ಮೀ. ಎಂದಿದ್ದರು. ಜನ ಕೂರಿಸಿಕೊಂಡು ಓಡಿಸಿದರೆ 60 ದಾಟುತ್ತಿದ್ದಂತೆ ಗಾಡಿ ಮುಗ್ಗರಿಸುತ್ತಿತ್ತು. ಬ್ಯಾಟರಿಯ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ ಇಪ್ಪತ್ತು ಗಂಟೆ ಹೊತ್ತು ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. ಆಟೊದಲ್ಲಿ ನಾಲ್ಕೈದು ಗಂಟೆಯಲ್ಲಿ ಹೀರಿಬಿಡುತ್ತೇವೆ, ಹಾಗೆ ಹೀರಿದರೆ ಕಾಲು ಭಾಗದಷ್ಟು ಕೈಗೆ ಸಿಗುವುದೇ ಇಲ್ಲ. ಇದು ಗೊತ್ತಿಲ್ಲದೆ ನಾವು ಪ್ರತಿದಿನ ಬ್ಯಾಟರಿಯನ್ನು ತಳದವರೆಗೆ ಬಸಿಯುತ್ತಿದ್ದೆವು. ಸೀಸದ ಬ್ಯಾಟರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. ಮೊದಲ ಸೆಟ್ಟು 13 ಸಾವಿರ ಕಿ.ಮೀ.ಗೆ ಮುಗಿಯಿತು.

ಅದು ಮುಗಿದ ದಿನ ಇನ್ನೂ ಕಣ್ಣಮುಂದಿದೆ. ಸಣ್ಣ ಏರು, ಹಿಂದೆ ನಾಲ್ಕು ಜನ, ಒಬ್ಬರ ಮಡಿಲಲ್ಲಿ ಜ್ವರದ ಮಗು. ಗಾಡಿ ಅರ್ಧ ಏರಿ ನಿಂತಿತು. "ಬಿಡಣ್ಣ, ನಾವು ಇಳಿದು ನಡೀತೀವಿ" ಎಂದು ಆ ತಾಯಿ ಮಗುವನ್ನು ಎತ್ತಿಕೊಂಡು ಇಳಿದರು. ದುಡ್ಡು ಬೇಡ ಅಂದರೂ ಸೀಟಿನ ಮೇಲೆ ಇಟ್ಟೇ ಹೋದರು. ಗಾಡಿ ಎಳೆಯುವಾಗ ಒಂದೊಂದು ಬ್ಯಾಟರಿಯ ವೋಲ್ಟ್ ಎಷ್ಟು ಎಂದು ನೋಡಲು ನಾನು ಸೀಟು ಎತ್ತಿ ಮಲ್ಟಿಮೀಟರ್ ಹಿಡಿದೆ. ಡ್ರೈವರ್ ಬ್ರೇಕ್ ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಿದ್ದ. ಒಂದನೆಯದು 11.8, ಎರಡನೆಯದು 11.7, ನಾಲ್ಕನೆಯದು 11.8. ಮೂರನೆಯದು 9.6. ಅದೊಂದೇ ಕುಸಿದು ಉಳಿದ ಮೂರನ್ನೂ ಎಳೆದುಕೊಂಡು ಕೂತಿತ್ತು. ಸರಣಿಯಲ್ಲಿ ಜೋಡಿಸಿದ ಬ್ಯಾಟರಿಗಳ ಬಲ ಎಂದರೆ ಅವುಗಳಲ್ಲಿ ದುರ್ಬಲವಾದದ್ದರ ಬಲ ಅಷ್ಟೇ. ಮುಚ್ಚಳ ತೆಗೆದು ನೋಡಿದರೆ ನೀರು ಪ್ಲೇಟಿಗಿಂತ ಕೆಳಗಿತ್ತು. ಆ ಬ್ಯಾಟರಿ ಸೀಟಿನ ಮೂಲೆಯಲ್ಲಿತ್ತು, ಮುಚ್ಚಳಕ್ಕೆ ಕೈ ಎಟುಕುತ್ತಿರಲಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಯಾರೂ ಡಿಸ್ಟಿಲ್ಡ್ ವಾಟರ್ ಹಾಕಿರಲಿಲ್ಲ.

ಎರಡನೇ ಸೆಟ್ಟಿಗೆ ಕ್ರಮ ಬದಲಾಯಿಸಿದೆ. ಮೊದಲು ಬ್ಯಾಟರಿ ಕೂರುವ ತಟ್ಟೆಯನ್ನು ವೆಲ್ಡಿಂಗ್ ಮಾಡಿಸಿ ಹೊರಗೆ ಎಳೆಯುವ ಹಾಗೆ ಮಾಡಿಸಿದೆ, ನಾಲ್ಕಕ್ಕೂ ಕೈ ಎಟುಕಬೇಕು. ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಆದ ಮೇಲೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಪ್ರತಿ ಸೆಲ್ಲಿನ, ಅಂದರೆ ಬ್ಯಾಟರಿಯೊಳಗಿನ ಪ್ರತಿ ಕೋಣೆಯ, ಅಂಕಿ ಪುಸ್ತಕದಲ್ಲಿ ಬರೆಯುವುದು. 1.270ರ ಆಸುಪಾಸು ಇದ್ದರೆ ಸರಿ, ಒಂದೇ ಒಂದು ಸೆಲ್ ಹಿಂದೆ ಬಿದ್ದರೂ ಅಂದೇ ಗೊತ್ತಾಗಬೇಕು. ಮಧ್ಯಾಹ್ನ ಜನ ಕಡಿಮೆ ಇರುವ ಒಂದೂವರೆ ಗಂಟೆ ಗಾಡಿ ಶೆಡ್ಡಿಗೆ ಬಂದು ಚಾರ್ಜಿಗೆ ನಿಲ್ಲಬೇಕು, ರಾತ್ರಿ ಪೂರ್ತಿ ತುಂಬಲೇಬೇಕು. ಅರ್ಧಂಬರ್ಧ ಚಾರ್ಜಿನಲ್ಲಿ ದಿನಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದು ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ, ಆದ್ದರಿಂದ ಶೆಡ್ಡಿನ ಎರಡೂ ಬದಿ ಗೋಡೆಯ ಮೇಲ್ಭಾಗ ತೆರೆಸಿದೆ, ಒಳಗೆ ಬೀಡಿ ಸೇದುವಂತಿಲ್ಲ.

ಡ್ರೈವರುಗಳಿಗೆ ಮಧ್ಯಾಹ್ನದ ಚಾರ್ಜು ಮೊದಲಿಗೆ ಇಷ್ಟವಾಗಲಿಲ್ಲ. "ಸಾರ್, ಆ ಹೊತ್ತಲ್ಲಿ ಎರಡು ಟ್ರಿಪ್ ಹೊಡೀಬಹುದು" ಎಂದು ಹಿರಿಯ ಡ್ರೈವರ್ ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಜನ ಹೆಚ್ಚಿರುವಾಗ ಗಾಡಿ ಕುಂಟದೆ ಓಡಿದ್ದನ್ನು ಅವನೇ ಒಂದು ವಾರ ನೋಡಿದ ಮೇಲೆ ಮಾತು ನಿಂತಿತು. ಆ ಸೆಟ್ಟು ಹದಿನೈದು ತಿಂಗಳು ಬಂತು, ಸುಮಾರು 23 ಸಾವಿರ ಕಿ.ಮೀ. ಅದೇ ಜಾತಿಯ ಬ್ಯಾಟರಿ, ಅದೇ ರಸ್ತೆ.

ಮಧ್ಯಾಹ್ನ ಗಾಡಿ ನಿಲ್ಲಿಸುವ ಯೋಚನೆ ನನಗೆ ಬಂದದ್ದು ನೇಪಾಳದ ಕಠ್ಮಂಡುವಿನ ಸಫಾ ಟೆಂಪೊಗಳಿಂದ. 1990ರ ದಶಕದಲ್ಲೇ ಅಲ್ಲಿ ಸೀಸದ ಬ್ಯಾಟರಿಯ ಮೂರು ಚಕ್ರದ ಗಾಡಿಗಳು ಜನರನ್ನು ಹೊತ್ತು ಓಡುತ್ತಿದ್ದವು. ಓಡಿಸುವವರಲ್ಲಿ ಹೆಂಗಸರು ಬಹಳ ಮಂದಿ. ದಿನದ ನಡುವೆ ಚಾರ್ಜಿಂಗ್ ಸ್ಟೇಷನ್ನಿಗೆ ಬಂದು ಖಾಲಿಯಾದ ಬ್ಯಾಟರಿ ಕಳಚಿ, ತುಂಬಿದ್ದನ್ನು ಕೂರಿಸಿಕೊಂಡು ಮತ್ತೆ ಹೊರಡುತ್ತಿದ್ದರು. 1999ರಲ್ಲಿ ಆ ಕಣಿವೆಯಿಂದ ಡೀಸೆಲ್ ಟೆಂಪೊಗಳನ್ನು ಹೊರಗೆ ಕಳಿಸಿದಾಗ ಜಾಗ ತುಂಬಿದವುಗಳಲ್ಲಿ ಇವೂ ಇದ್ದವು. ಚೀನಾದ ಶೆನ್‌ಜೆನ್ 2017ರ ಕೊನೆಗೆ 16 ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ಎಲೆಕ್ಟ್ರಿಕ್ ಮಾಡಿದ್ದು ದೊಡ್ಡ ಕೆಲಸ ನಿಜ, ಆದರೆ ನಮ್ಮಂಥವರಿಗೆ ಪಾಠ ಸಿಗುವುದು ಟೆಂಪೊಗಳಲ್ಲಿ. ಬ್ಯಾಟರಿ ಬದಲಿಸುವ ಪದ್ಧತಿಯನ್ನು ನಾನೂ ಲೆಕ್ಕ ಹಾಕಿ ನೋಡಿದೆ. ಗಾಡಿಗೆ ಎರಡು ಸೆಟ್ಟು ಬೇಕು, 120 ಕೆ.ಜಿ. ಎತ್ತಿಳಿಸಲು ಆಳು ಬೇಕು. ಐದು ಗಾಡಿಗೆ ಅದು ಹೊಂದುವುದಿಲ್ಲ. ಆಫ್ರಿಕಾದ ಕಿಗಾಲಿ, ನೈರೋಬಿಯಲ್ಲಿ ಮೋಟರ್‌ಸೈಕಲ್ ಟ್ಯಾಕ್ಸಿಯವರು ನಿಮಿಷಗಳಲ್ಲಿ ಬ್ಯಾಟರಿ ಬದಲಿಸಿಕೊಳ್ಳುತ್ತಾರೆ. ಅಲ್ಲಿ ಬ್ಯಾಟರಿ ಕೈಯಲ್ಲಿ ಎತ್ತುವಷ್ಟು ಸಣ್ಣದು, ಗಾಡಿಗಳು ಸಾವಿರಾರು.

ಸೀಸ ಬಿಡಲು ನನ್ನನ್ನು ಒತ್ತಾಯಿಸಿದ್ದು ಲೆಕ್ಕ ಒಂದೇ ಅಲ್ಲ. ಹಳೆಯ ಸೆಟ್ಟು ಕೊಟ್ಟರೆ ಹೊಸದರಲ್ಲಿ ಬೆಲೆ ಕಡಿತ ಸಿಗುತ್ತದೆ. ಒಮ್ಮೆ ಆ ಹಳೆಯ ಬ್ಯಾಟರಿಗಳ ಹಿಂದೆಯೇ ಹೋದೆ. ಬಯಲಲ್ಲಿ ಕೊಡಲಿಯಿಂದ ಡಬ್ಬ ಒಡೆದು, ಆಸಿಡ್ಡನ್ನು ಮಣ್ಣಿಗೆ ಚೆಲ್ಲಿ, ಪ್ಲೇಟುಗಳನ್ನು ಇದ್ದಿಲ ಒಲೆಯಲ್ಲಿ ಕರಗಿಸುತ್ತಿದ್ದರು. ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದವು. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕುಗ್ಗಿಸುತ್ತದೆ. ಹೊಗೆ ಬಿಡದ ಗಾಡಿ ಎಂದು ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಅಂದು ಸಂಜೆಯೇ ಅದನ್ನು ಅಳಿಸಿದೆ. ಆಮೇಲೆ ಬದಲಿಸಿದ ಸೆಟ್ಟುಗಳನ್ನು ಪರವಾನಗಿ ಇರುವ ಕಾರ್ಖಾನೆಗೇ ಕೊಟ್ಟೆ, ಕಡಿತ ಕಡಿಮೆ ಸಿಕ್ಕರೂ ಸರಿ.

ಈಗ ಐದೂ ಗಾಡಿಗಳಲ್ಲಿ ಲೀಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. 3.2 ವೋಲ್ಟಿನ ಹದಿನಾರು ಸೆಲ್, ಒಟ್ಟು 51.2. ತೂಕ ಅರ್ಧಕ್ಕೂ ಕಡಿಮೆ. ನೀರು ಹಾಕುವುದಿಲ್ಲ, ಮೂರು ನಾಲ್ಕು ಗಂಟೆಗೆ ತುಂಬುತ್ತದೆ. ಸಬ್ ಮೀಟರ್ ಪ್ರಕಾರ ಸೀಸದ ಕಾಲದಲ್ಲಿ ನೂರು ಕಿ.ಮೀ.ಗೆ ಎಂಟು ಯೂನಿಟ್ ಹತ್ತಿರ ಹೋಗುತ್ತಿತ್ತು, ಈಗ ಆರು. ಮೊದಲು ಹಾಕಿದ ಪ್ಯಾಕು ಮೂರು ವರ್ಷದಲ್ಲಿ 75 ಸಾವಿರ ಕಿ.ಮೀ. ಹತ್ತಿರ ಓಡಿ ಇನ್ನೂ ಗಟ್ಟಿಯಾಗಿದೆ.

ಆದರೆ ಮೊದಲ ತಿಂಗಳು ಇದೂ ನಮ್ಮನ್ನು ನಡುದಾರಿಯಲ್ಲಿ ನಿಲ್ಲಿಸಿತು. ಸೀಸದ ಬ್ಯಾಟರಿ ಖಾಲಿಯಾಗುವ ಮುಂಚೆ ಗಾಡಿ ನಿಧಾನವಾಗುತ್ತದೆ, ವೋಲ್ಟ್ ಮೀಟರಿನ ಮುಳ್ಳು ಇಳಿಯುತ್ತದೆ, ಡ್ರೈವರಿಗೆ ಸೂಚನೆ ಸಿಗುತ್ತದೆ. ಲೀಥಿಯಂ ಹಾಗಲ್ಲ. ಹೆಚ್ಚುಕಡಿಮೆ ಕೊನೆಯ ತನಕ ಮುಳ್ಳು ಅಷ್ಟಾಗಿ ಅಲ್ಲಾಡುವುದಿಲ್ಲ, ಗಾಡಿ ಜೋರಾಗಿಯೇ ಓಡುತ್ತದೆ, ಆಮೇಲೆ ಬಿಎಂಎಸ್, ಅಂದರೆ ಪ್ಯಾಕಿನೊಳಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್, ಕರೆಂಟನ್ನು ಪಟ್ಟನೆ ಕಡಿದು ಹಾಕುತ್ತದೆ. ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಮೀಟರ್ ಹಾಕಿಸಿದ ಮೇಲೆಯೇ ಆ ತೊಂದರೆ ತಪ್ಪಿತು. ಪ್ಯಾಕಿನ ಜೊತೆಗೇ ಈ ಮೀಟರನ್ನೂ, ಲೀಥಿಯಂಗೆ ಅಂತಲೇ ಮಾಡಿದ ಚಾರ್ಜರನ್ನೂ ಕೊಳ್ಳಿ. ಹಳೆಯ ಚಾರ್ಜರಿನಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಉಳಿದದ್ದೆಲ್ಲ ಸಣ್ಣ ಕೆಲಸ, ಆದರೆ ದಿನವೂ ಮಾಡಬೇಕು. ಬೆಳಿಗ್ಗೆ ಟೈರಿನ ಗಾಳಿ. ಮೊದಲ ಟ್ರಿಪ್ ಮುಗಿಸಿ ಬಂದಾಗ ಮೇನ್ ಸ್ವಿಚ್ ಆಫ್ ಮಾಡಿ ಕೈಬೆರಳಿನಿಂದ ಪ್ರತಿ ಲಗ್ಗಿನ (ವೈರಿನ ತುದಿಯನ್ನು ಬೋಲ್ಟಿಗೆ ಬಿಗಿಯುವ ಲೋಹದ ಬಿಲ್ಲೆ) ಹತ್ತಿರ ಶಾಖ ನೋಡುವುದು, ಬಿಸಿ ಇದ್ದರೆ ಅಲ್ಲಿ ಬೋಲ್ಟು ಸಡಿಲ. ನಿಂತ ಗಾಡಿಗೆ ಒಮ್ಮೆಲೇ ಪೂರ್ತಿ ಆಕ್ಸಿಲರೇಟರ್ ಕೊಡದಿರುವುದು.

ಲೀಥಿಯಂ ಪ್ಯಾಕಿನ ಬೆಲೆ ಕೇಳಿದರೆ ಸಣ್ಣ ಮಾಲೀಕನ ಎದೆ ಒಡೆಯುತ್ತದೆ. ನಾನು ಕೇಳಿದಾಗ ಸಾಲ ಕೊಡುವವರು ಗಾಡಿಗೆ ಕೊಡುತ್ತಿದ್ದರು, ಬ್ಯಾಟರಿಗೆ ಕೊಡುತ್ತಿರಲಿಲ್ಲ. ನನಗೂ ಮೂರು ಕಡೆ ಇಲ್ಲ ಎಂದರು. ಆಗ ಶುರು ಮಾಡಿದ್ದು ಹುಂಡಿ. ಸೆಟ್ಟಿನ ಬೆಲೆಯನ್ನು ಅದು ಓಡಬಹುದಾದ ಕಿಲೋಮೀಟರಿಗೆ ಭಾಗಿಸಿ, ಆ ದಿನ ಓಡಿದ ಕಿಲೋಮೀಟರಿಗೆ ಗುಣಿಸಿ, ಬಂದ ಮೊತ್ತವನ್ನು ರಾತ್ರಿಯೇ ಎತ್ತಿಡುವುದು. ಡ್ರೈವರ್ ಪಾಲು, ಕರೆಂಟು, ಮನೆ ಖರ್ಚು ಎಲ್ಲ ಆಮೇಲೆ. ಈ ಲೆಕ್ಕ ಹಾಕಿದಾಗ ಕಿಲೋಮೀಟರಿಗೆ ಕರೆಂಟಿಗಿಂತ ಬ್ಯಾಟರಿಯ ಸವೆತಕ್ಕೇ ಹೆಚ್ಚು ಹೋಗುತ್ತಿತ್ತು ಎಂಬುದು ಕಣ್ಣಿಗೆ ಕಂಡಿತು. ಮೊದಲು ಇಳಿಸಿದ್ದ ಸೀಟಿನ ದರವನ್ನು ಸ್ವಲ್ಪ ಏರಿಸಬೇಕಾಯಿತು, ಡೀಸೆಲ್ ಗಾಡಿಯವರ ದರಕ್ಕಿಂತ ಆಗಲೂ ಕೆಳಗೇ ಇತ್ತು. ಏರಿಸಿದ್ದೇಕೆ ಎಂದು ಕೇಳಿದವರಿಗೆ ಈ ಲೆಕ್ಕ ಬರೆದ ಪುಸ್ತಕವನ್ನೇ ತೋರಿಸಿದೆ. ಮೊದಲ ಲೀಥಿಯಂ ಪ್ಯಾಕಿಗೆ ಅರ್ಧ ದುಡ್ಡು ಈ ಹುಂಡಿಯಿಂದ ಬಂತು, ಐದನೆಯದಕ್ಕೆ ಪೂರ್ತಿ.

ಐದನೇ ಗಾಡಿ ಈಗ ಹಿರಿಯ ಡ್ರೈವರಿನದೇ. ಕಂತಿನಲ್ಲಿ ನನ್ನಿಂದ ಕೊಂಡ. ರಾತ್ರಿ ಶೆಡ್ಡಿಗೆ ಬಂದು ಚಾರ್ಜರ್ ಚುಚ್ಚಿ, ಮೀಟರ್ ನೋಡಿ ಕಿಲೋಮೀಟರ್ ಬರೆದು, ತನ್ನ ಹುಂಡಿಗೆ ಹಾಕಿ ಮನೆಗೆ ಹೋಗುತ್ತಾನೆ.