ಹತ್ತು ಲಕ್ಷ ಕ್ಯೂಸೆಕ್ ಬಿಟ್ಟರಂತೆ! ಫಾರ್ವರ್ಡ್ ಒತ್ತುವ ಮುಂಚೆ...

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಕನ್ನಂಬಾಡಿ ಅಣೆಕಟ್ಟೆಗಿಂತ (ಕೆಆರ್‌ಎಸ್) ಮೊದಲು ಮಂಡ್ಯ, ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳು ತುಂಬಿ ಹರಿಯುತ್ತವೆ. ಇಂಥದ್ದೊಂದು ಮೆಸೇಜ್ ಬಂತು ಎಂದುಕೊಳ್ಳಿ: ‘ಈಗಷ್ಟೇ ಬಂದ ಸುದ್ದಿ. ಕೆಆರ್‌ಎಸ್‌ನಿಂದ ಇವತ್ತು ಹತ್ತು ಲಕ್ಷ ಕ್ಯೂಸೆಕ್ ಹೊರಕ್ಕೆ. ಎಲ್ಲರಿಗೂ ಕಳಿಸಿ.’ ನಂಬುವುದೋ ಬಿಡುವುದೋ?

ಮೊದಲು ತಾರೀಖು ಹುಡುಕಿ. ‘ಇವತ್ತು’ ಎಂದರೆ ಯಾವತ್ತು? ಮಳೆಗಾಲದಲ್ಲಿ ಓಡಾಡುವ ಶಾಲಾ ರಜೆ ಆದೇಶಗಳ ಕಥೆಯೂ ಇದೇ. ಸಹಿ, ಮೊಹರು ಅಸಲಿಯೇ ಇರಬಹುದು, ತಾರೀಖು ಹೋದ ವರ್ಷದ್ದು. ಮೆಸೇಜಿನ ಮೇಲೆ ಜೋಡಿ ಬಾಣ ಕಂಡರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ.

ಆಮೇಲೆ ಲೆಕ್ಕ. ಇದನ್ನು ಯಾರೂ ಮಾಡುವುದಿಲ್ಲ, ಸುಳ್ಳು ಬೇಗ ಸಿಕ್ಕಿಬೀಳುವುದು ಮಾತ್ರ ಇಲ್ಲೇ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86,400 ಸೆಕೆಂಡ್. ನೂರು ಕೋಟಿ ಘನ ಅಡಿ ಸೇರಿದರೆ ಒಂದು ಟಿಎಂಸಿ. ಹತ್ತು ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 86.4 ಟಿಎಂಸಿ ಆಯಿತು. ಕೆಆರ್‌ಎಸ್ 124.80 ಅಡಿ ಭರ್ತಿಯಾದರೂ ಹಿಡಿಯುವುದು 49.45 ಟಿಎಂಸಿ! ಅದೇ ಒಂದು ಲಕ್ಷ ಎಂದಿದ್ದರೆ ನಂಬಬಹುದಿತ್ತು, ದೊಡ್ಡ ಮಳೆಯ ವರ್ಷಗಳಲ್ಲಿ ಆಗಿದೆ ಕೂಡ. ಒಂದು ಸೊನ್ನೆ ಎಲ್ಲಿ ಸೇರಿಕೊಂಡಿತೋ!

ಅಷ್ಟು ನೀರು ಬಿಟ್ಟಿದ್ದು ನಿಜವಾದರೆ ನದಿ ಬಯಲಲ್ಲೂ ಕುರುಹು ಕಾಣಬೇಕು. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸಿದ್ದಾರಾ, ವೆಲ್ಲೆಸ್ಲಿ ಸೇತುವೆ ಬಂದ್ ಆಗಿದೆಯಾ, ನಿಮಿಷಾಂಬ ಗುಡಿಯ ಮೆಟ್ಟಿಲು ಎಷ್ಟು ಮುಳುಗಿದೆ? ಶ್ರೀರಂಗಪಟ್ಟಣದ ನೆಂಟರಿಗೊಂದು ಫೋನ್ ಹಚ್ಚಿ. ‘ಇರಿಗೇಷನ್‌ನಲ್ಲಿರುವ ಭಾವ ಹೇಳಿದರು’ ಎನ್ನುವ ಆಡಿಯೊಗಿಂತ ಅದು ವಾಸಿ. ಆ ಭಾವ ಪ್ರತಿ ಮಳೆಗಾಲದಲ್ಲೂ ಹಾಜರು.

ಫೋಟೊ ಬಂದಿದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ. ವಿಡಿಯೊ ಆದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಹುಡುಕಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದ ದೃಶ್ಯಕ್ಕೆ ಕೆಆರ್‌ಎಸ್ ಎಂದು ಹೆಸರಿಡಲು ಅರ್ಧ ನಿಮಿಷ ಸಾಕು.

ಲಿಂಕ್ ಇದ್ದರೆ ವಿಳಾಸವನ್ನು ಬಲಗಡೆಯಿಂದ ಓದಿ. ಮೊದಲ ಒಂಟಿ ಓರೆಗೆರೆಗೆ (/) ಮುಂಚೆ ‘ಡಾಟ್ ಗವ್ ಡಾಟ್ ಇನ್’ ಅಥವಾ ‘ಡಾಟ್ ನಿಕ್ ಡಾಟ್ ಇನ್’ ಎಂದು ಮುಗಿಯಬೇಕು. ಆ ‘ಇನ್’ ಆದಮೇಲೆ, ಓರೆಗೆರೆಗೆ ಮುಂಚೆ, ಇನ್ನೊಂದು ಬಾಲ ಅಂಟಿಕೊಂಡಿದ್ದರೆ ಅದು ಸರ್ಕಾರದ್ದಲ್ಲ. ದಸರಾ ಪಾಸ್ ಕೊಳ್ಳುವಾಗಲೂ ಇದನ್ನೇ ನೋಡಿ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ದಿನವೂ ಬರುತ್ತದೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಪ್ರಕಟಿಸುತ್ತದೆ.

ಒಂದು ಮಾತು: ನದಿ ದಂಡೆಯ ಊರಿನಲ್ಲಿ ಡಂಗುರ ಸಾರಿದರೆ, ಪೊಲೀಸ್ ಜೀಪಿನ ಮೈಕ್ ಕೇಳಿಸಿದರೆ ಲೆಕ್ಕ ಹಾಕುತ್ತ ಕೂರಬೇಡಿ. ದನ ಬಿಚ್ಚಿಕೊಂಡು ಎತ್ತರದ ಜಾಗಕ್ಕೆ ಹೊರಡಿ.